ನಾಲ್ಕನೇ ನಂಬರನ್ನು ಒಪ್ಪಿಸಿಕೊಟ್ಟದ್ದು

ಸ್ಫಾಕ್ಸ್ ಪಟ್ಟಣದ ಹಳೇ ಕೋಟೆಯ ಬಾಬ್ ಜೆಬ್ಲಿ ಹೆಬ್ಬಾಗಿಲಿನ ಹೊರಗೆ, ಮೀನಿನ ಅಂಗಡಿಗೂ ಬಾದಾಮಿ ಮಿಠಾಯಿಯ ಅಂಗಡಿಗೂ ನಡುವಿನ ಒಂದು ಕೋಣೆಯಲ್ಲಿ ತಿಜಾನಿ ಬಹುಕಾಲ ರಾಜ್ಯವಾಳಿದ. ಅವನ ಪ್ರಜೆಗಳು ಹತ್ತು ಕಂಪ್ಯೂಟರುಗಳು. ಸಿಂಹಾಸನ, ಕಾಲು ಕುಂಟುವ ಒಂದು ಪ್ಲಾಸ್ಟಿಕ್ ಕುರ್ಚಿ. ಮನೆಮನೆಗೆ ಇಂಟರ್ನೆಟ್ ಬರುವ ಮೊದಲು ಊರವರೆಲ್ಲ ಬಂದು ಕೂತು ಹೋಗುತ್ತಿದ್ದ ಇಂಥ ಅಂಗಡಿಗೆ ಅಲ್ಲಿ ಪಬ್ಲಿನೆಟ್ ಎಂದು ಹೆಸರು. ಎಡಗಡೆಯಿಂದ ಮೀನಿನ ವಾಸನೆ, ಬಲಗಡೆಯಿಂದ ಗುಲಾಬಿ ನೀರಿನ ವಾಸನೆ. ನಡುವೆ ಕೂತ ಗಿರಾಕಿ ಯಾವ ದೇಶದವರಿಗೆ ಕಾಗದ ಬರೆಯುತ್ತಿದ್ದರೂ ತಾನಿರುವುದು ಸ್ಫಾಕ್ಸ್‌ನಲ್ಲಿ ಎಂಬುದನ್ನು ಮೂಗು ಮರೆಯಗೊಡುತ್ತಿರಲಿಲ್ಲ.

ತಿಜಾನಿಯ ಹೆಸರಿನ ಮುಂದೆ ‘ಸಿ’ ಎಂಬ ಮರ್ಯಾದೆ ಅಂಟಿಕೊಂಡದ್ದು ಶಾಲೆ ಮುಗಿಸುವವರ ಬಾಕಲೋರಿಯಾ ಪರೀಕ್ಷೆಯ ಫಲಿತಾಂಶ ಬರುವ ದಿನಗಳ ದೆಸೆಯಿಂದ. ಆ ದಿನ ಬೀದಿಯ ತಾಯಂದಿರೆಲ್ಲ ಅಂಗಡಿಯ ಬಾಗಿಲಲ್ಲಿ ನೆರೆಯುತ್ತಿದ್ದರು. ತಿಜಾನಿ ತೆರೆಯನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಮೂಗಿನ ಮೇಲೇರಿಸಿ, ಗಂಟಲು ಸರಿಮಾಡಿಕೊಂಡು, ಆಮೇಲೆ ತೀರ್ಪು ಕೊಡುತ್ತಿದ್ದ. ಪಾಸಾದವರ ತಾಯಿ ನಾಲಗೆ ಹೊರಳಿಸಿ ಹರ್ಷದ ಕೂಗು ಹಾಕಿ, ಸಂಜೆಗೆ ಒಂದು ತಟ್ಟೆ ಮಿಠಾಯಿ ಕಳಿಸುತ್ತಿದ್ದಳು. ನಪಾಸಾದವರ ತಾಯಿ ಕಂಪ್ಯೂಟರನ್ನು ಬೈದು ಹೋಗುತ್ತಿದ್ದಳು. ಅದಕ್ಕೆಂದೇ ತಿಜಾನಿ ಆ ಕೆಲಸಕ್ಕೆ ಯಾವಾಗಲೂ ನಾಲ್ಕನೇ ನಂಬರಿನ ಯಂತ್ರವನ್ನು ಬಳಸುತ್ತಿದ್ದ. ಅದು ಹೇಗೂ ಬೈಸಿಕೊಂಡು ಪಳಗಿದ್ದ ಜೀವ.

ನಾಲ್ಕನೇ ನಂಬರಿನಷ್ಟು ನಿಧಾನದ ಯಂತ್ರ ಊರಲ್ಲೇ ಇನ್ನೊಂದಿರಲಿಲ್ಲ. ಅದು ಹಾಗೇ ಉಳಿದದ್ದಕ್ಕೆ ಕಾರಣ ದಲೆಂದಾ.

ದಲೆಂದಾ ಮದುವಣಗಿತ್ತಿಯರ ಉಡುಪಿಗೆ ಜರಿ ಕಸೂತಿ ಹಾಕುವವಳು. ಗುರುವಾರ ಗುರುವಾರ ಹೊಸ ಮಾದರಿ ಹುಡುಕಲು ಪಬ್ಲಿನೆಟ್ಟಿಗೆ ಬಂದು ಕಿಟಕಿ ಪಕ್ಕದ ನಾಲ್ಕನೇ ನಂಬರಿನ ಮುಂದೆ ಕೂರುತ್ತಿದ್ದಳು. ಒಂದು ಚಿತ್ರ ಮೇಲಿನಿಂದ ಕೆಳಗಿನವರೆಗೆ ತೆರೆದುಕೊಳ್ಳುವ ಹೊತ್ತಿನಲ್ಲಿ ಒಂದು ಲೋಟ ಚಹಾ ಕುಡಿಯಬಹುದಿತ್ತು. ಚಹಾದಲ್ಲಿ ತೇಲುವ ಬಾದಾಮಿಗಳನ್ನು ಒಂದೊಂದಾಗಿ ತಿನ್ನಬಹುದಿತ್ತು. ಆ ಚಹಾ ತಂದುಕೊಟ್ಟವನ ಜೊತೆ ಎರಡು ಮಾತನ್ನೂ ಆಡಬಹುದಿತ್ತು. ತಿಜಾನಿಗೆ ಆಗಲೇ ನಲವತ್ತು ದಾಟಿ, ನೆಂಟರಿಷ್ಟರು ಅವನಿಗೆ ಹೆಣ್ಣು ನೋಡುವುದನ್ನು ಬಿಟ್ಟು ಅವನ ತಂಗಿಯ ಮಕ್ಕಳಿಗೆ ನೋಡತೊಡಗಿದ್ದರು. ಉಳಿದ ಒಂಬತ್ತು ಯಂತ್ರಗಳ ಹೊಟ್ಟೆ ಬಗೆದು ಕಾಲಕಾಲಕ್ಕೆ ಹೊಸ ಮದರ್‌ಬೋರ್ಡು, ಹೊಸ ಮೆಮೊರಿ ಹಾಕಿಸಿದವನು ನಾಲ್ಕನೇ ನಂಬರಿನ ಒಂದು ಸ್ಕ್ರೂವನ್ನೂ ಮುಟ್ಟಗೊಡಲಿಲ್ಲ. ಇದು ಇಡೀ ಬೀದಿಗೆ ಗೊತ್ತಿದ್ದ ಗುಟ್ಟು. ದಲೆಂದಾಳಿಗೂ ಗೊತ್ತಿತ್ತು. ಬೇರೆ ಗಂಡಸರು ಹುಡುಗಿಗೋಸ್ಕರ ಬಂಗಾರ ಕೊಂಡರು, ನನ್ನವನು ನನಗೋಸ್ಕರ ಏನೂ ಕೊಳ್ಳದೆ ಸುಮ್ಮನಿದ್ದ, ಅದಕ್ಕೇ ಮರುಳಾದೆ ಎಂದು ಮದುವೆಯಾದ ಮೇಲೆ ಅವಳೇ ಎಲ್ಲರಿಗೂ ಹೇಳಿ ನಗುತ್ತಿದ್ದಳು.

ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು. ಫಲಿತಾಂಶ ತಾಯಂದಿರ ಅಂಗೈಗೇ ಬಂತು. ಪಬ್ಲಿನೆಟ್ಟಿನ ರಾಜ್ಯ ಯುದ್ಧವಿಲ್ಲದೆ ಬಿತ್ತು. ಒಂಬತ್ತು ಯಂತ್ರಗಳು ಅಲ್ಲಿ ಇಲ್ಲಿ ಹಂಚಿಹೋದವು. ನಾಲ್ಕನೇ ನಂಬರು ಮಾತ್ರ ತಿಜಾನಿಯ ತೋಳಿನ ಮೇಲೆ ಮನೆಗೆ ಬಂದು ಉಗ್ರಾಣ ಸೇರಿತು.

ಸ್ಫಾಕ್ಸ್‌ನ ಮನೆಗಳಲ್ಲಿ ಉಗ್ರಾಣವೆಂದರೆ ಗಂಡಸರು ಒಳಗೆ ಹೋಗುವಾಗ ಕೆಮ್ಮಿ ಹೋಗಬೇಕಾದ ಜಾಗ. ಬೇಸಿಗೆಯಲ್ಲಿ ಹೆಂಗಸರು ಗೋಧಿ ರವೆಯಿಂದ ಇಡೀ ವರ್ಷಕ್ಕಾಗುವಷ್ಟು ಕುಸ್ಕುಸ್ ಕಾಳು ಹೊಸೆದು, ಹಬೆಯಲ್ಲಿ ಬೇಯಿಸಿ, ಮಾಳಿಗೆಯ ಮೇಲೆ ಒಣಗಿಸಿ ಅಲ್ಲಿ ತುಂಬಿಡುತ್ತಾರೆ. ಮೆಣಸಿನಕಾಯಿ, ಒಣಗಿಸಿದ ಅಷ್ಟಪಾದಿ, ಎಣ್ಣೆಯ ಜಾಡಿಗಳು, ಎಲ್ಲವಕ್ಕೂ ಅಲ್ಲಿ ಅದರದರ ಪೀಠವಿದೆ. ಅಂಥ ಕಡೆ ನಾಲ್ಕನೇ ನಂಬರು ಜಾಡಿಗಳ ನಡುವೆ ಕೂತು ಜಾಗ ತಿನ್ನುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ದಲೆಂದಾ ಅದನ್ನು ಹೊರಗೆ ಹಾಕುವ ಮಾತೆತ್ತುತ್ತಿದ್ದಳು, ಪ್ರತಿ ಬೇಸಿಗೆಯಲ್ಲೂ ತಿಜಾನಿ ಅದನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಒಪ್ಪಂದ ಮಾಡಿಕೊಳ್ಳುತ್ತಿದ್ದ. ಈ ಬೇಸಿಗೆಯ ಹೊತ್ತಿಗೆ ಯಂತ್ರ ಗೋಡೆ ಮುಟ್ಟಿತ್ತು. ಇನ್ನು ಸರಿಸಲು ದೇಶವಿರಲಿಲ್ಲ.

ಇಂಥ ಸಂಕಟದಲ್ಲಿದ್ದವನಿಗೆ ಒಂದು ಮಧ್ಯಾಹ್ನ ಕಾಫಿ ಅಂಗಡಿಯಲ್ಲಿ ಫೋನು ಉಜ್ಜುತ್ತಾ ಕೂತಾಗ ಒಂದು ಪ್ರಕಟಣೆ ಕಂಡಿತು. ಅದನ್ನು ಹಾಕಿದ್ದವಳು ರಿಹಾಬ್ ಎಂಬ ಇಂಜಿನಿಯರ್. ಅವಳೂ ಅವಳ ಇಬ್ಬರು ಗೆಳೆಯರೂ ಬಂದರಿನ ಬಳಿ, ದೋಣಿ ಹಗ್ಗ ಮಾರುವವನ ಅಂಗಡಿಯ ಮೇಲೆ, ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ, ತೆರೆಯ ಮೇಲೆ ಏನೂ ಮೂಡುವ ಮೊದಲೇ, ಒಳಗೊಂದು ಪುಟ್ಟ ತಂತ್ರಾಂಶ ಎದ್ದು ನಿಂತು ಮೆಮೊರಿ ಇದೆಯಾ, ಡಿಸ್ಕ್ ಇದೆಯಾ ಎಂದು ಹಾಜರಿ ಕರೆಯುತ್ತದೆ, ಅದು ಫರ್ಮ್‌ವೇರ್. ಯಾರು ಬೇಕಾದರೂ ಓದಿ ತಿದ್ದಬಹುದಾದ ಅಂಥ ಫರ್ಮ್‌ವೇರನ್ನು ಹಲವು ದೇಶಗಳ ಜನ ಕೂಡಿ, ಯಾರ ಅಪ್ಪಣೆಗೂ ಕಾಯದೆ, ಬರೆಯುತ್ತಿದ್ದರು. ಒಬ್ಬ ಒಂದು ಸಾಲು ತಿದ್ದಿದರೂ ಅದು ನಿಜವಾದ ಯಂತ್ರಗಳ ಮೇಲೆ ನಡೆಯುತ್ತದೋ ಇಲ್ಲವೋ ನೋಡಬೇಕಲ್ಲ. ಆ ಪರೀಕ್ಷೆ ಈ ಕೋಣೆಯ ಕಪಾಟುಗಳಲ್ಲಿ ಹಗಲೂ ರಾತ್ರಿ ತನ್ನಷ್ಟಕ್ಕೆ ತಾನೇ ನಡೆಯುತ್ತಿತ್ತು. ಹೊಸ ಯಂತ್ರಗಳು ಬೇಕಾದಷ್ಟಿದ್ದವು, ಹಳೆಯವು ಸಿಗುತ್ತಿರಲಿಲ್ಲ. ಪ್ರಕಟಣೆಯಲ್ಲಿ ಕೆಲವು ಮಾದರಿಗಳ ಹೆಸರು ಹಾಕಿ, ಇವುಗಳಲ್ಲಿ ಬದುಕಿರುವ ಒಂದನ್ನಾದರೂ ಯಾರೂ ಪರೀಕ್ಷೆಗೆ ಕೊಡದಿದ್ದರೆ ಮುಂದಿನ ಆವೃತ್ತಿಯಿಂದ ಆ ಹೆಸರನ್ನು ತೆಗೆದುಹಾಕಲಾಗುವುದು ಎಂದು ಬರೆದಿತ್ತು.

ಮೂರನೇ ಹೆಸರು ನಾಲ್ಕನೇ ನಂಬರಿನದು. ಪೆಟ್ಟಿಗೆಯ ಹಣೆಯ ಮೇಲಿದ್ದ ಅದೇ ಹೆಸರು. ಗುರುವಾರಗಳಂದು ದಲೆಂದಾಳ ಮುಖ ನೋಡಲು ಧೈರ್ಯ ಸಾಲದೆ ತಿಜಾನಿ ಓದಿ ಓದಿ ಬಾಯಿಪಾಠ ಮಾಡಿಕೊಂಡದ್ದು ಅದನ್ನೇ. ಉಗ್ರಾಣದಿಂದ ಹೊರಗೆ ಹಾಕುವುದು ಬೇರೆ. ಇದು ಜಗತ್ತಿನಿಂದಲೇ ಹೊರಗೆ ಹಾಕುವ ಮಾತು. ಇನ್ನು ಮುಂದೆ ಯಾರೂ ಅದಕ್ಕಾಗಿ ಒಂದು ಸಾಲನ್ನೂ ಬರೆಯುವುದಿಲ್ಲ, ಅಂಥದೊಂದು ಇತ್ತು ಎಂದು ಎಲ್ಲೂ ಇರುವುದಿಲ್ಲ. ತನ್ನ ಸಂಸಾರ ಶುರುವಾದ ಜಾಗವನ್ನೇ ನಕ್ಷೆಯಿಂದ ಅಳಿಸಿದ ಹಾಗೆ ಅವನಿಗೆ ಕಂಡಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಫೋನು ಮಾಡಿದ.

ರಿಹಾಬ್ ಮೊದಲು ಕೇಳಿದ್ದು ಅದರ ಒಳಗನ್ನು ಯಾರಾದರೂ ಬಿಚ್ಚಿ ಬದಲಾಯಿಸಿದ್ದಾರೆಯೇ ಎಂದು. ಒಂದು ಸ್ಕ್ರೂ ಕೂಡ ಮುಟ್ಟಿಲ್ಲ ಎಂದ ತಿಜಾನಿ, ಯಾಕೆ ಎನ್ನುವುದನ್ನು ನುಂಗಿಕೊಂಡ. ಅವಳಿಗೆ ನಂಬಲಾಗದಷ್ಟು ಸಂತೋಷವಾಯಿತು.

“ಹಾಗಿದ್ರೆ ನೀವು ಏನೂ ಮಾಡೋದು ಬೇಡ ಸಿ ತಿಜಾನಿ,” ಎಂದಳು. “ಒರೆಸೋದೂ ಬೇಡ. ಹೇಗಿದೆಯೋ ಹಾಗೇ ತನ್ನಿ.”

ಅನಾಹುತಕ್ಕೆ ಬೀಜ ಬಿದ್ದದ್ದು ಈ ಮಾತಿನಲ್ಲಿ. ರಿಹಾಬ್ ಬೇರೆ ಊರಿನವಳು, ಗಾಬೆಸ್ ಕಡೆಯವಳು. ಸ್ಫಾಕ್ಸ್‌ನಲ್ಲಿ ‘ಹೇಗಿದೆಯೋ ಹಾಗೇ’ ಎನ್ನುವ ಮಾತು ಎಂಥ ಸಿಡಿಮದ್ದು ಎಂದು ಅವಳಿಗೆ ತಿಳಿಯದು. ಅಲ್ಲಿ ಗಂಡಿನ ಕಡೆಯವರು ನಿಶ್ಚಯದ ದಿನ, ನಮಗೇನೂ ಬೇಡ, ಹುಡುಗಿಯನ್ನು ಉಟ್ಟ ಬಟ್ಟೆಯಲ್ಲೇ ಕಳಿಸಿಕೊಡಿ ಎಂದು ಹೇಳುವುದು ರೂಢಿ. ಹೆಣ್ಣಿನ ಕಡೆಯವರು ಅದನ್ನು ರಣಕಹಳೆ ಎಂದು ತಿಳಿದು, ಹಾಸಿಗೆ, ಹೊದಿಕೆ, ತಾಮ್ರದ ಪಾತ್ರೆ, ಜರಿಯ ಬಟ್ಟೆ ಎಲ್ಲವನ್ನೂ ಗಾಡಿಗಟ್ಟಲೆ ಹೇರಿ ಕಳಿಸುವುದೂ ರೂಢಿ. ಆ ಮಾತನ್ನು ಅಕ್ಷರಶಃ ನಂಬಿದ ಮನೆತನ ಊರಿನ ಚರಿತ್ರೆಯಲ್ಲಿ ಇಲ್ಲ. ಇಂಥ ಜವಳಿಗಳನ್ನು ಹೊಲಿದುಕೊಟ್ಟೇ ಬೆರಳು ಸವೆಸಿದ ದಲೆಂದಾ ಸುದ್ದಿ ಕೇಳಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಹೇಗಿದೆಯೋ ಹಾಗೇ ಅಂದ್ಲಾ? ನಿಮ್ಮಮ್ಮನೂ ಹಾಗೇ ಅಂದಿದ್ದು ತಿಜಾನಿ. ಆಮೇಲೆ ದಿಂಬು ಎಷ್ಟಿದಾವೆ ಅಂತ ನೆರೆಮನೆಯವರ ಎದುರಿಗೇ ಎಣಿಸಿದ್ರು.”

“ಇವರು ಇಂಜಿನಿಯರುಗಳು ಕಣೆ. ಇವರು ಎಣಿಸಲ್ಲ.”

“ಇಂಜಿನಿಯರುಗಳು ಇನ್ನೂ ಜಾಸ್ತಿ ಎಣಿಸ್ತಾರೆ.”

ಅಷ್ಟು ವರ್ಷ ಯಂತ್ರವನ್ನು ಹೊರಗೆ ಹಾಕಲು ಹೋರಾಡಿದವಳು ಈಗ ಅದರ ತವರಿನ ಮಾನಕ್ಕೆ ಟೊಂಕ ಕಟ್ಟಿದಳು. ಮಗುವಿಲ್ಲದ ಮನೆಯಿಂದ ಮೊದಲ ಬಾರಿಗೆ ಏನನ್ನೋ ಒಪ್ಪಿಸಿಕೊಡುವ ಸಂಭ್ರಮ ಅದು. ತಿಜಾನಿಗೆ ಅದು ಅರ್ಥವಾಗಿ ಬಾಯಿ ಕಟ್ಟಿತು. ನಾಲ್ಕನೇ ನಂಬರು ಬೀದಿಯ ಕೊನೆಯ ರಿಪೇರಿ ಅಂಗಡಿಗೆ ಹೋಯಿತು. ನೋಡಿದವರು ಮೂಗು ಮುರಿಯಬಾರದು, ಒಳಗಿನದೆಲ್ಲ ಹೊಸದು ಹಾಕು ಎಂದು ಅಪ್ಪಣೆಯಾಯಿತು. ಹೆಣ್ಣು ಮಿಂದು ಹೊಸ ಬಟ್ಟೆ ಉಟ್ಟ ಮಾತ್ರಕ್ಕೆ ಬೇರೆ ಹೆಣ್ಣಾಗಿಬಿಡುತ್ತಾಳೆಯೇ ಎಂಬುದು ತಿಜಾನಿಯ ತರ್ಕ. ಹೊಸ ಬೋರ್ಡು, ಹೊಸ ಮೆಮೊರಿ, ನೀಲಿ ಬೆಳಕು ಬಿಡುವ ಹೊಸ ಫ್ಯಾನು. ಹಳದಿಗಟ್ಟಿದ ಪೆಟ್ಟಿಗೆಯನ್ನು ದಲೆಂದಾ ನಿಂಬೆಹಣ್ಣು ಹಾಕಿ ತಿಕ್ಕಿದಳು. ಜರಿಯ ಅಂಚಿನ ಒಂದು ಮುಸುಕನ್ನು ಅದರ ಅಳತೆಗೇ ಹೊಲಿದಳು. ಹೊಟ್ಟೆಯಿಂದ ತೆಗೆದ ಹಸಿರು ಹಲಗೆಯನ್ನು ರಿಪೇರಿಯವನು ಚೀಲದಲ್ಲಿ ಹಾಕಿ ಕೊಟ್ಟಿದ್ದ. ಅದು ಅಂಗಳದ ಮೂಲೆಯಲ್ಲಿ, ತಿಜಾನಿಯ ಮಂಡಿ ಹರಿದ ಪ್ಯಾಂಟುಗಳ ಜೊತೆ ಬಿದ್ದುಕೊಂಡಿತು.

ಶುಭದಿನ ನೋಡಿ ಮೆರವಣಿಗೆ ಹೊರಟಿತು. ಹಳದಿ ಟ್ಯಾಕ್ಸಿ, ಅದರ ಹಿಂದಿನ ಸೀಟಿನಲ್ಲಿ ದಲೆಂದಾ, ಅವಳ ಮಡಿಲಲ್ಲಿ ಮುಸುಕು ಹಾಕಿದ ನಾಲ್ಕನೇ ನಂಬರು, ಮುಂದಿನ ಸೀಟಿನಲ್ಲಿ ಮಿಠಾಯಿ ತಟ್ಟೆ ಹಿಡಿದ ತಿಜಾನಿ. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ ನೋಡಿ, ಕೊನೆಗೆ ತಡೆಯಲಾರದೆ, ಯಾರ ಕಡೆಯ ಮದುವೆ ಎಂದು ಕೇಳಿದ. ತಿಜಾನಿ ಹೆಣ್ಣಿನ ಕಡೆಯದು ಎಂದು ಗಂಭೀರವಾಗಿ ಹೇಳಿದ.

ಹಗ್ಗದಂಗಡಿಯ ಮೇಲಿನ ಕೋಣೆ ಕಂಡು ದಲೆಂದಾಳಿಗೆ ಸ್ವಲ್ಪ ಕಸಿವಿಸಿಯಾಯಿತು. ಕಪಾಟಿನ ತುಂಬ ಪೆಟ್ಟಿಗೆಯೇ ಇಲ್ಲದ ಬೆತ್ತಲೆ ಬೋರ್ಡುಗಳು, ಅವುಗಳಿಂದ ಜೋತ ತಂತಿಗಳು. ಯಾರೂ ಮುಟ್ಟದೆಯೇ ಟಕ್ ಎಂದು ಒಂದು ಏಳುತ್ತಿತ್ತು, ಟಕ್ ಎಂದು ಇನ್ನೊಂದು ಮಲಗುತ್ತಿತ್ತು. ರಿಹಾಬ್ ಮೂವತ್ತರ ಆಸುಪಾಸಿನ, ಬಡಕಲು ಮೈಯ, ನಗುಮುಖದ ಹೆಂಗಸು. ಮುಸುಕನ್ನು ಮೆಚ್ಚಿದಳು, ಮಿಠಾಯಿ ತಿಂದಳು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು. ನೀಲಿ ಬೆಳಕು ಅವಳ ಮುಖದ ಮೇಲೆ ಬಿತ್ತು. ಅವಳು ಒಳಗೆಲ್ಲ ಬೆರಳಾಡಿಸಿ ಹುಡುಕಿದಳು.

“ಸಿ ತಿಜಾನಿ,” ಎಂದಳು ಕೊನೆಗೆ, ಆದಷ್ಟು ಮೆತ್ತಗೆ. “ಜವಳಿ ಎಲ್ಲ ಬಂದಿದೆ. ಮದುವಣಗಿತ್ತೀನ ಮನೇಲೇ ಬಿಟ್ಟು ಬಂದಿದ್ದೀರಿ.”

ಆಮೇಲೆ ಅವಳು ಬಿಡಿಸಿ ಹೇಳಿದಳು. ಬೇಕಾಗಿದ್ದುದು ಪೆಟ್ಟಿಗೆಯಲ್ಲ, ಅದರೊಳಗಿನ ಆ ಹಳೆಯ ಹಸಿರು ಬೋರ್ಡು. ಪಟ್ಟಿಯಲ್ಲಿರುವ ಹೆಸರು ಅದರದು. ಈಗ ಒಳಗಿರುವಂಥವು ಈ ಕಪಾಟಿನಲ್ಲೇ ಸಾಲಾಗಿ ನಿಂತಿವೆ. ಹೊಸ ಆವೃತ್ತಿ ಈ ವಾರದ ಕೊನೆಗೆ ಮುಚ್ಚುತ್ತದೆ. ಅಷ್ಟರೊಳಗೆ ಹಳೆಯದು ಸಿಕ್ಕರೆ ಸರಿ, ಇಲ್ಲದಿದ್ದರೆ ಹೆಸರು ಹೋಗುತ್ತದೆ. ತಿಜಾನಿ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಹೆಂಡತಿ ಮಿಠಾಯಿ ತಟ್ಟೆಯ ಕಡೆ ತಿರುಗಿದಳು.

“ಆ ಚೀಲ ಎಲ್ಲಿ ದಲೆಂದಾ?”

“ಬುರಾವಿಗೆ ಕೊಟ್ಟೆ. ಪ್ಯಾಂಟುಗಳ ಜೊತೆ.”

“ಏನಕ್ಕೆ?”

“ಒಂದು ಕೆಂಪು ಟಬ್ಬಿಗೆ. ದೊಡ್ಡದು, ಗಟ್ಟಿ ಇದೆ,” ಎಂದಳು ದಲೆಂದಾ. ಕೊನೆಯ ಮಾತು ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನ್ನಿಸಿತು.

ಬುರಾವಿ ಗಾಡಿ ತಳ್ಳಿಕೊಂಡು ಬೀದಿ ಬೀದಿ ಕೂಗುತ್ತಾ ಹಳೇ ಬಟ್ಟೆ, ಹಳೇ ಸಾಮಾನು ತೆಗೆದುಕೊಂಡು ಬದಲಿಗೆ ಪಾತ್ರೆ ಪಡಗ ಕೊಡುವವನು. ಅವನೊಂದಿಗೆ ಚೌಕಾಸಿಗೆ ಇಳಿದು ಗೆದ್ದವರಿಲ್ಲ. ಹೋದ ವಸ್ತುವನ್ನು ವಾಪಸು ಕೇಳಿದರೆ ಅದರ ಬೆಲೆ ಆಕಾಶಕ್ಕೇರುತ್ತದೆ. ಮನೆಗೆ ಬಂದವಳೇ ದಲೆಂದಾ ಉಗ್ರಾಣಕ್ಕೆ ಹೋಗಿ ಕೆಂಪು ಟಬ್ಬನ್ನು ಎತ್ತಿಕೊಂಡು, ಮೇಲೊಂದು ಬಟ್ಟೆ ಮುಚ್ಚಿ, ಮತ್ತೆ ಟ್ಯಾಕ್ಸಿ ಹತ್ತಿದಳು. ಟಬ್ಬು ಭಾರವಾಗಿತ್ತು. ಅದರಲ್ಲೇನಿದೆ ಎಂದು ಕೇಳುವ ಧೈರ್ಯ ತಿಜಾನಿಗೆ ಬರಲಿಲ್ಲ. ದಾರಿಯುದ್ದಕ್ಕೂ ಅವಳು ಯುದ್ಧತಂತ್ರ ಬೋಧಿಸಿದಳು. ಮಾತೆಲ್ಲ ತನ್ನದು. ಅವನು ಬಾಯಿ ಬಿಡಕೂಡದು, ಬೋರ್ಡು ಕಂಡರೂ ಕಾಣದವನಂತೆ ಆಕಾಶ ನೋಡುತ್ತಿರಬೇಕು. ತಿಜಾನಿ ಟ್ಯಾಕ್ಸಿಯೊಳಗೇ ಒಂದೆರಡು ಬಾರಿ ಆಕಾಶ ನೋಡಿ ಅಭ್ಯಾಸ ಮಾಡಿಕೊಂಡ.

ಬುರಾವಿಯ ಮನೆ ಊರಾಚೆಯ ತೋಟದಲ್ಲಿ. ಅಂಗಳದಲ್ಲಿ ಸಾಮಾನಿನ ಗುಡ್ಡ, ಗುಡ್ಡದ ಪಕ್ಕದಲ್ಲಿ ಹಣ್ಣು ತುಂಬಿದ ಅಂಜೂರದ ಮರ. ಮರದ ಕೊಂಬೆಯಿಂದ ದಾರದಲ್ಲಿ ಜೋತು, ಬಿಸಿಲಿಗೆ ಗಿರಗಿರ ತಿರುಗುತ್ತಿತ್ತು ನಾಲ್ಕನೇ ನಂಬರಿನ ಹಸಿರು ಜೀವ. ತಿಜಾನಿ ಆಕಾಶ ನೋಡಿದ. ಅದೂ ಆಕಾಶದ ದಿಕ್ಕಿನಲ್ಲೇ ಇದ್ದುದರಿಂದ ಪ್ರಯೋಜನವಾಗಲಿಲ್ಲ.

“ಬನ್ನಿ ಹಾಜಿ, ಬಾ ಲಲ್ಲಾ,” ಎಂದ ಬುರಾವಿ, ಮಕ್ಕಾದ ಮುಖವನ್ನೇ ಕಾಣದ ತಿಜಾನಿಗೂ ಅವನ ಯಜಮಾನಿಗೂ ಮರ್ಯಾದೆ ಹಚ್ಚುತ್ತಾ. “ಮನೇಲಿ ಹಳೇದು ಇನ್ನೇನಾದ್ರೂ ಉಳಿದಿದೆಯಾ, ಇವರೊಬ್ಬರನ್ನ ಬಿಟ್ಟು?”

“ಇವರನ್ನೂ ತಂದಿದೀನಿ. ಟಬ್ಬು ಕೊಡ್ತೀಯಾ?”

“ಇವರಿಗೆ ಟಬ್ಬು ಜಾಸ್ತಿ ಆಯ್ತು. ಒಂದು ಜರಡಿ ಕೊಡಬಹುದು.”

ಹೀಗೆ ಕತ್ತಿ ಮಸೆಯುವುದು ಮುಗಿದ ಮೇಲೆ ದಲೆಂದಾ ಅಂಜೂರ ಹೊಗಳಿದಳು, ಬಿಸಿಲನ್ನು ತೆಗಳಿದಳು, ಬುರಾವಿಯ ಹೆಂಡತಿಯ ಕೈನೋವು ವಿಚಾರಿಸಿದಳು. ಆಮೇಲೆ ಸೊಳ್ಳೆ ಓಡಿಸಿದಷ್ಟು ಸಲೀಸಾಗಿ ಮರದ ಕಡೆ ಕೈ ಬೀಸಿ, ಆ ತಗಡನ್ನು ಯಾಕೆ ಕಟ್ಟಿದ್ದೀಯ ಎಂದು ಕೇಳಿದಳು. ಹಕ್ಕಿ ಹೆದರಿಸಲು ಎಂದ ಬುರಾವಿ. ತಿರುಗಿದರೆ ಮಿಂಚುತ್ತದೆ, ಅಂಜೂರ ಮುಟ್ಟುವುದಿಲ್ಲ.

“ಮಿಂಚೋದು ಯಾಕೆ, ಅದರ ಮುಖ ನೋಡಿದ್ರೇ ಹೆದರುತ್ತವೆ,” ಎಂದಳು ದಲೆಂದಾ. “ಅಂಥ ದರಿದ್ರದ್ದು ಅದು. ಒಂದು ಕೆಲಸಕ್ಕೂ ಬರ್ಲಿಲ್ಲ. ಸೋಮಾರಿ. ನನ್ನ ಅರ್ಧ ಆಯಸ್ಸು ಅದರ ಮುಂದೆ ಕಾಯೋದ್ರಲ್ಲೇ ಹೋಯ್ತು.”

ಅವಳು ನಟಿಸುತ್ತಿದ್ದಾಳೆಂದು ತಿಜಾನಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದೊಂದು ಮಾತೂ ಸೂಜಿಯಂತೆ ನೆಟ್ಟಿತು. ಸೋಮಾರಿ ಎಂದಾಗ ಅವನ ಕುತ್ತಿಗೆ ಕೆಳಗಿಳಿಯಿತು. ಕಾಯುವ ಮಾತು ಬಂದಾಗ ಕಾಲು ತಾನಾಗಿ ಮರದ ಬುಡಕ್ಕೆ ಹೋಯಿತು. ತಿರುಗುತ್ತಿದ್ದ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿ, ಜೇಬಿನಿಂದ ಕರವಸ್ತ್ರ ತೆಗೆದು, ಅದರ ಮೇಲಿದ್ದ ಹಕ್ಕಿಯ ಹಿಕ್ಕೆಯನ್ನು ಮೆಲ್ಲಗೆ, ಮಗುವಿನ ಮೂಗು ಒರೆಸಿದಂತೆ, ಒರೆಸತೊಡಗಿದ. ಯುದ್ಧ ಅಲ್ಲಿಗೆ ಮುಗಿಯಿತು.

“ನೀನು ಚೆನ್ನಾಗೇ ಮಾತಾಡ್ತಿದ್ದೆ ಲಲ್ಲಾ,” ಎಂದ ಬುರಾವಿ ಮರುಕದಿಂದ. “ಇವರನ್ನ ಮನೇಲಿ ಬಿಟ್ಟು ಬರಬೇಕಿತ್ತು.”

ದಲೆಂದಾ ಗಂಡನ ಬೆನ್ನನ್ನು ನೋಡಿದಳು. ಬೈಯಲಿಲ್ಲ. ಕೆಂಪು ಟಬ್ಬನ್ನು ಬುರಾವಿಯ ಮುಂದೆ ಇಟ್ಟು ಬಟ್ಟೆ ಸರಿಸಿದಳು. ಆ ಬೇಸಿಗೆಯ ಕುಸ್ಕುಸ್ ಅದು. ಎಷ್ಟೋ ಬೆಳಗಿನ ಹೊತ್ತು ಕಾಲು ಚಾಚಿ ಕೂತು, ಅಂಗೈಯಲ್ಲಿ ಹೊಸೆದು, ಜರಡಿಯಾಡಿ, ಮಾಳಿಗೆಯ ಬಿಸಿಲಿಗೆ ಹರಡಿ ಮಾಡಿದ ವರ್ಷದ ಊಟ. ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವವರು ಆ ಊರಲ್ಲಿ ಇಲ್ಲವಾದರೂ, ಒಂದು ಹಿಡಿ ಹಾಕಿ ಕೊಡುವುದು ವಾಡಿಕೆ, ತುಂಬ ಕೊಡುವುದಲ್ಲ. ಬುರಾವಿ ಬಗ್ಗಿ ಒಂದು ಚಿಟಿಕೆ ತೆಗೆದು ಬೆರಳಿನ ನಡುವೆ ಉಜ್ಜಿ ನೋಡಿದ. ಅವನ ಹೆಂಡತಿಯ ಕೈ ಸೊಟ್ಟಗಾದ ಮೇಲೆ ಆ ಮನೆಯಲ್ಲಿ ಅಂಗಡಿಯ ಕುಸ್ಕುಸ್ಸೇ ಆಗಿತ್ತು.

“ಇದು ವರ್ಷದ್ದಲ್ವಾ?” ಎಂದ.

“ಹೌದು.”

“ಈ ತಗಡಿಗಾ?”

“ತಗಡಿಗಲ್ಲ,” ಎಂದಳು ದಲೆಂದಾ.

ಬುರಾವಿ ತನ್ನ ಜೀವಮಾನದಲ್ಲೇ ಮೊದಲ ಸಲ ಚೌಕಾಸಿ ಮಾಡದೆ ದಾರ ಕತ್ತರಿಸಿದ. ಅರ್ಧ ಕುಸ್ಕುಸ್ಸನ್ನು ಬಲವಂತವಾಗಿ ವಾಪಸು ಮಾಡಿದ, ಮೇಲೆ ಒಂದು ಚೀಲ ಅಂಜೂರ ಕೊಟ್ಟ. ಆಮೇಲೆ ಅದೇ ಕೊಂಬೆಗೆ ಒಂದು ಹಳೇ ಸಿ.ಡಿ. ಕಟ್ಟಿ, ಅದು ಇದರಷ್ಟು ಮಿಂಚುವುದಿಲ್ಲ ಎಂದು ಗೊಣಗಿದ.

ನಾಲ್ಕನೇ ನಂಬರು ಎರಡನೇ ಸಲ ಗಂಡನ ಮನೆಗೆ ಹೋದದ್ದು ಉಟ್ಟ ಬಟ್ಟೆಯಲ್ಲೂ ಅಲ್ಲ, ಬೆತ್ತಲೆಯಾಗಿ, ತಿಜಾನಿಯ ಕರವಸ್ತ್ರದಲ್ಲಿ. ರಿಹಾಬ್ ಮತ್ತು ಅವಳ ಗೆಳೆಯರು ಅದನ್ನು ಬ್ರಷ್ಷಿನಿಂದ ತಿಕ್ಕಿ, ಡೊಂಕಾದ ಒಂದೆರಡು ಪಿನ್ನು ನೇರಮಾಡಿ, ಹೊಸ ಬ್ಯಾಟರಿ ಹಾಕಿ, ಕಪಾಟಿನ ಖಾಲಿ ಜಾಗದಲ್ಲಿ ಮಲಗಿಸಿ ತಂತಿ ಜೋಡಿಸಿದರು. ಕತ್ತಲಾಗುವ ಮೊದಲು ಟಕ್ ಎಂಬ ಶಬ್ದ ಕೇಳಿಸಿತು. ಎಲ್ಲರೂ ರಿಹಾಬಳ ತೆರೆಯನ್ನು ನೋಡಿದರು. ಕಪ್ಪು ತೆರೆ ಕಪ್ಪಾಗಿಯೇ ಇತ್ತು. ತಿಜಾನಿ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಒಂದು ಬಿಳಿ ಸಾಲು ಬಂತು, ಅದರ ಕೆಳಗೆ ಇನ್ನೊಂದು. ನಾಲ್ಕನೇ ನಂಬರು ತನ್ನ ಹಾಜರಿ ಕೊಡತೊಡಗಿತ್ತು. ಹಸಿರು ಚುಕ್ಕೆ ಮೂಡಿತು. ದಲೆಂದಾ ನಾಲಗೆ ಹೊರಳಿಸಿ ಹಾಕಿದ ಹರ್ಷದ ಕೂಗಿಗೆ ಕೆಳಗಿನ ಹಗ್ಗದಂಗಡಿಯವನು ಮೇಲೆ ಓಡಿ ಬಂದು, ಏನೂ ಅರ್ಥವಾಗದಿದ್ದರೂ, ಎಲ್ಲರಿಗೂ ಶುಭ ಹಾರೈಸಿ ಹೋದ.

ಆದರೆ ಹೆಸರು ಉಳಿಯುವುದು ಇನ್ನೂ ಖಚಿತವಾಗಿರಲಿಲ್ಲ. ಪಟ್ಟಿ ಕಾಯುವವರು ಹೊಸ ಆವೃತ್ತಿಯನ್ನು ಕೆಲವು ದಿನ ತಡೆದು, ಇಷ್ಟು ಹಳೆಯದು ಎಷ್ಟು ದಿನ ನಿಂತೀತು ನೋಡೋಣ, ಆಮೇಲೆ ಹೇಳುತ್ತೇವೆ ಎಂದು ಬರೆದಿದ್ದರು. ಯಂತ್ರಗಳ ಯೋಗಕ್ಷೇಮ ಯಾರು ಬೇಕಾದರೂ ನೋಡಬಹುದಾದ ಪುಟವೊಂದಿತ್ತು. ಒಂದೊಂದರ ಎದುರಿಗೂ ಚುಕ್ಕೆ, ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ತಿಜಾನಿ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಆ ಪುಟ ತೆರೆಯತೊಡಗಿದ. ಹಸಿರಿದೆ ಎಂದು ಅಡುಗೆಮನೆಗೆ ಕೂಗಿ ಹೇಳುತ್ತಿದ್ದ. ನಂಗೇನಂತೆ ಎನ್ನುತ್ತಿದ್ದ ದಲೆಂದಾ, ಅವನು ಕೂಗುವುದು ತಡವಾದರೆ ತಾನೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಚುಕ್ಕೆ ಕೆಂಪಗಿತ್ತು.

ತಿಜಾನಿ ಮನೆಯ ಚಪ್ಪಲಿಯಲ್ಲೇ ಬಂದರಿನ ತನಕ ನಡೆದ. ಹಗ್ಗದಂಗಡಿಯ ಮೆಟ್ಟಿಲು ಹತ್ತುವಾಗ, ಅಂಜೂರದ ಮರದ ಬಿಸಿಲೇ ಅದನ್ನು ಕೊಂದದ್ದು, ಅದಕ್ಕೂ ಮೊದಲು ಕೊಂದದ್ದು ತಾವು ಹಚ್ಚಿಕೊಂಡ ಜವಳಿಯ ಹುಚ್ಚು ಎಂದು ತೀರ್ಮಾನಿಸಿಬಿಟ್ಟಿದ್ದ. ರಿಹಾಬ್ ಅವನ ಮುಖ ನೋಡಿ ಕುರ್ಚಿ ಎಳೆದು ಕೂರಿಸಿದಳು. ಅವಳು ನಗುತ್ತಿದ್ದಳು, ಅದು ಅವನಿಗೆ ಒಂದಿಷ್ಟೂ ಹಿಡಿಸಲಿಲ್ಲ.

“ಕೆಂಪು ಅಂದ್ರೆ ಸತ್ತಿದೆ ಅಂತಲ್ಲ ಸಿ ತಿಜಾನಿ. ಇಲ್ಲ ಅಂತಿದೆ, ಅಷ್ಟೆ.”

“ಯಾರಿಗೆ?”

ಪೋಲೆಂಡಿನ ಒಬ್ಬ ಮಹಾಶಯನಿಗೆ. ಅವನು ಮೆಮೊರಿ ಎಣಿಸುವ ಭಾಗವನ್ನು ಚುರುಕುಗೊಳಿಸಿ ರಾತ್ರಿ ಕಳಿಸಿದ್ದ. ಕಪಾಟಿನ ಹೊಸ ಯಂತ್ರಗಳೆಲ್ಲ ಒಂದೊಂದಾಗಿ ಎದ್ದು ಒಪ್ಪಿಗೆ ಹೇಳಿದ್ದವು. ನಾಲ್ಕನೇ ನಂಬರು ಮಾತ್ರ ಏಳಲೊಪ್ಪದೆ ಮಲಗಿಬಿಟ್ಟಿತ್ತು. ಆ ಮಹಾಶಯ ಯಾಕೆಂದು ಹುಡುಕಿದಾಗ ತಾನು ಮಾಡಿದ ತಪ್ಪು ಸಿಕ್ಕಿತು. ಅದು ಹಾಗೇ ಹೊರಟುಹೋಗಿದ್ದರೆ ಜಗತ್ತಿನ ಮೂಲೆಮೂಲೆಯಲ್ಲಿ ಇನ್ನೂ ದುಡಿಯುತ್ತಿರುವ ಎಷ್ಟೋ ಹಳೇ ಯಂತ್ರಗಳು ಒಂದು ಬೆಳಿಗ್ಗೆ ಸುಮ್ಮನೆ ಏಳುತ್ತಲೇ ಇರಲಿಲ್ಲ. ತಪ್ಪು ತಿದ್ದಿದ ಸಾಲಿನ ಕೆಳಗೆ ಅವನು ಸ್ಫಾಕ್ಸ್‌ನ ಬೋರ್ಡಿಗೆ ನಮಸ್ಕಾರ ಎಂದು ಬರೆದಿದ್ದ. ಅದರ ಕೆಳಗೆ ಪಟ್ಟಿ ಕಾಯುವವರು, ಇಂಥ ಒಂದು ಬೋರ್ಡು ಬದುಕಿರುವವರೆಗೆ ಈ ಹೆಸರನ್ನು ತೆಗೆಯುವ ಮಾತಿಲ್ಲ ಎಂದು ಮುಗಿಸಿದ್ದರು.

“ಹೌದು ಅನ್ನೋರು ನಮ್ಮ ಕಪಾಟು ತುಂಬ ಇದ್ದಾರೆ,” ಎಂದಳು ರಿಹಾಬ್. “ಇಲ್ಲ ಅನ್ನೋರು ಸಿಗೋದೇ ಕಷ್ಟ.”

ತಿಜಾನಿ ಆ ಸಾಲುಗಳನ್ನು ತಾನೇ ಓದಿ, ಕನ್ನಡಕ ಒರೆಸಿ, ಮತ್ತೊಮ್ಮೆ ಓದಿದ. ಕಪಾಟಿನ ಹತ್ತಿರ ಹೋಗಿ ನಾಲ್ಕನೇ ನಂಬರಿನ ಮುಂದೆ ಸ್ವಲ್ಪ ಹೊತ್ತು ನಿಂತ. ಮುಟ್ಟಬಹುದೇ ಎಂದು ಕೇಳಬೇಕೆಂದುಕೊಂಡು ಕೇಳದೆ ಬಂದ.

ಮನೆಯಲ್ಲಿ ದಲೆಂದಾ ಮಾಳಿಗೆಯ ಮೇಲೆ ಕೂತು ಕೊಟ್ಟುಬಿಟ್ಟಿದ್ದ ಅರ್ಧದ ಬದಲಿಗೆ ಮತ್ತೆ ಕುಸ್ಕುಸ್ ಹೊಸೆಯುತ್ತಿದ್ದಳು. ತಿಜಾನಿ ಪಕ್ಕದಲ್ಲಿ ಕೂತು, ಯಾರೂ ಹೇಳದೆಯೇ, ಜರಡಿ ಕೈಗೆತ್ತಿಕೊಂಡ. ಅರ್ಧ ಹಿಟ್ಟನ್ನು ತನ್ನ ಮಡಿಲಿಗೆ ಚೆಲ್ಲಿಕೊಳ್ಳುತ್ತಾ ಸಂಗತಿಯೆಲ್ಲ ಹೇಳಿದ. ಪೋಲೆಂಡಿನವನನ್ನು ಸ್ವಲ್ಪ ಎತ್ತರಕ್ಕೇರಿಸಿ, ದೊಡ್ಡ ಪಂಡಿತನನ್ನಾಗಿ ಮಾಡಿ ಹೇಳಿದ.

ದಲೆಂದಾ ಹೊಸೆಯುವುದನ್ನು ನಿಲ್ಲಿಸಿ ಕೇಳಿದಳು. “ಅಷ್ಟು ದೊಡ್ಡವನ ತಪ್ಪು ಹಿಡೀತಾ?”

“ಹಿಡೀತು. ನಮಸ್ಕಾರ ಅಂತ ಬರೆದಿದ್ದಾನೆ.”

“ಹಿಡೀಲೇಬೇಕು. ಬೈಸಿಕೊಂಡು ಬೆಳೆದಿದ್ದು ಯಾರ ಕೈಲಿ,” ಎಂದಳು, ಮತ್ತೆ ಹೊಸೆಯತೊಡಗಿದಳು. ಅವಳ ಕಣ್ಣು ಒದ್ದೆಯಾದದ್ದನ್ನು ತಿಜಾನಿ ಹಿಟ್ಟಿನ ಧೂಳಿನ ಲೆಕ್ಕಕ್ಕೆ ಬರೆದ.

ಮರುದಿನ ಬೆಳಿಗ್ಗೆ ಪುಟ ತೆರೆದಾಗ ಚುಕ್ಕೆ ಹಸಿರಾಗಿತ್ತು. ತಿಜಾನಿಗೆ ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಜೊತೆಗೆ ಸ್ವಲ್ಪ ನಿರಾಸೆಯೂ ಆಯಿತು. ಇವತ್ತು ಯಾರ ತಪ್ಪೂ ಸಿಕ್ಕಿಲ್ಲವಂತೆ ಎಂದು ಅಡುಗೆಮನೆಗೆ ಕೂಗಿ ಹೇಳಿದ.

“ಒಂದಿನ ಸುಮ್ನಿರ್ಲಿ ಬಿಡು,” ಎಂದಳು ದಲೆಂದಾ ಒಳಗಿನಿಂದ. “ಹೊಸ ಜಾಗ ಅಲ್ವಾ.”